ನೆಲ ಮುಟ್ಟದ ಸ್ಟೆಪ್ನಿ

"ಎಮಿಲ್ ಅಂಕಲ್, ಬ್ರೇಕ್ ಒತ್ತಬೇಡಿ! ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಸಾಕು. ಹಾಗೇ ಬಲಕ್ಕೆ ಬನ್ನಿ... ಇನ್ನೂ ಬಲಕ್ಕೆ..."

ಮರ್ವೆಲ್ಲಾ ಕುಚೇರಾ ರೇಡಿಯೋದಲ್ಲಿ ಕೂಗುತ್ತಿದ್ದಂತೆ, ಅವಳ ಮುಂದಿದ್ದ ಬೂದು ಬಣ್ಣದ ಪ್ಲಿಮತ್ ಕಾರು ಹಿಂದಿನ ಬಲಚಕ್ರವನ್ನು ಪಟಪಟನೆ ಬಡಿಯುತ್ತ, ಕುಂಟುತ್ತ, ರಸ್ತೆಯಂಚಿನ ಜಲ್ಲಿಗಿಳಿದು ನಿಂತಿತು. ಎರಡೂ ಕಡೆ ಮೊಣಕಾಲೆತ್ತರದ ಮೆಕ್ಕೆಜೋಳ. ಅದನ್ನು ಬಿಟ್ಟರೆ ದೂರದಲ್ಲೊಂದು ಧಾನ್ಯದ ಉಗ್ರಾಣ, ಮೇಲೆ ಜೂನ್ ತಿಂಗಳ ಬೋಳು ಆಕಾಶ.

"ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದೋಳು, ನನಗೇ ಡ್ರೈವಿಂಗ್ ಹೇಳಿಕೊಡ್ತಾಳೆ ನೋಡು," ಎಂದು ಎಮಿಲ್ ಹ್ರುಸ್ಕಾ ತನ್ನ ಹೆಂಡತಿಗೆ ಹೇಳಿದ್ದು ಸಾಲಿನ ಐದೂ ಕಾರುಗಳಲ್ಲಿ ಕೇಳಿಸಿತು. ಮಾತು ಮುಗಿದ ಮೇಲೆ ರೇಡಿಯೋದ ಗುಂಡಿ ಬಿಡಬೇಕೆಂಬುದು ಮುದುಕನಿಗೆ ಎಂದೂ ನೆನಪಾದದ್ದಿಲ್ಲ.

ಮುಂದೆ ಹೋಗಿದ್ದ ಮೂರು ಕಾರುಗಳೂ ತಿರುಗಿ ಬಂದವು. ಒಂದು ನಿಂತರೆ ಎಲ್ಲವೂ ನಿಲ್ಲಬೇಕು ಎನ್ನುವುದು ಲಿಪಾ ಊರಿನ ಹಳೇ ಕಾರು ಕ್ಲಬ್ಬಿನ ಮೊದಲ ನಿಯಮ. ಐವತ್ತು ವರ್ಷದ ಕೆಳಗೆ ಅದನ್ನು ಮಾಡಿದವನು ಎಮಿಲ್‌ನೇ. ಸಾಲಿನ ತಲೆಯಲ್ಲಿ ಅಧ್ಯಕ್ಷನ ಕಾರು, ಬಾಲದಲ್ಲಿ ರಿಪೇರಿ ಬಲ್ಲವರ ಕಾರು. ಬಾಲದ ಕಾರು ಯಾರನ್ನೂ ದಾಟಿ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಬಾಲದಲ್ಲಿ ಮರ್ವೆಲ್ಲಾ ಇದ್ದಳು.

ಅವಳು ಜಾಕಿ ಹಿಡಿದು ಇಳಿದಾಗ ಹತ್ತೂ ಮುಕ್ಕಾಲು. ಕಾಟನ್‌ವುಡ್ ಬ್ಲಫ್‌ನ ಕಾರು ಪ್ರದರ್ಶನಕ್ಕೆ ಇನ್ನು ಹದಿನಾಲ್ಕು ಮೈಲಿ ಇತ್ತು. ಸ್ಪರ್ಧೆಗೆ ಹೆಸರು ಕೊಡುವ ಮೇಜನ್ನು ಸರಿಯಾಗಿ ಹನ್ನೆರಡಕ್ಕೆ ಎತ್ತಿಬಿಡುತ್ತಾರೆ. ಅಲ್ಲಿ ಒಂದು ನಿಮಿಷ ತಡವಾದರೆ ದೇವರನ್ನೇ ಕರೆತಂದರೂ ಕೇಳುವವರಿಲ್ಲ. ಆದರೂ ಮರ್ವೆಲ್ಲಾ ಗಾಬರಿಯಾಗಲಿಲ್ಲ. ಹಿಮದಲ್ಲಿ ನಲವತ್ತು ಮಕ್ಕಳನ್ನು ತುಂಬಿಕೊಂಡು ಹಳ್ಳದ ಸೇತುವೆ ದಾಟಿಸಿದವಳಿಗೆ ಒಂದು ಪಂಚರ್ ಯಾವ ಲೆಕ್ಕ? ಬಗ್ಗಿ ಟೈರು ನೋಡಿದಳು. ನೇಗಿಲಿನಿಂದ ಮುರಿದು ಬಿದ್ದಿದ್ದ ಕಬ್ಬಿಣದ ಚೂರೊಂದು ಟೈರಿನ ಪಕ್ಕೆಯನ್ನು ಬೆರಳುದ್ದ ಸೀಳಿತ್ತು.

"ಇದು ಪಂಚರ್ ಅಲ್ಲ, ಆಪರೇಷನ್," ಎಂದಳು. "ಪ್ಯಾಚ್ ಹಾಕೋಕಾಗಲ್ಲ. ಅಂಕಲ್, ಡಿಕ್ಕಿ ತೆಗೀರಿ. ಸ್ಟೆಪ್ನಿ ಹಾಕಿಬಿಡ್ತೀನಿ."

ಎಮಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬರುವ ಬುಧವಾರಕ್ಕೆ ಅವನಿಗೆ ತೊಂಬತ್ತು. ಅಂದೇ ಕಾರಿನ ಕೀಲಿ ತನ್ನ ಮಗಳ ಕೈಗೆ ಕೊಟ್ಟು ಓಡಿಸುವುದನ್ನು ಬಿಡುತ್ತೇನೆಂದು ಮಾತು ಕೊಟ್ಟಿದ್ದ. ಆ ಮಾತಿಗೆ ಪ್ರತಿಯಾಗಿ ಈ ಒಂದು ಪ್ರಯಾಣವನ್ನು ಕೇಳಿ ಪಡೆದಿದ್ದ. ಅವನು ಉತ್ತರ ಕೊಡುವ ಮೊದಲೇ ಅವನ ಹೆಂಡತಿ ಆಲ್ಬಿನಾ ಕಿಟಕಿಯಿಂದ ತಲೆ ಹೊರಹಾಕಿದಳು.

"ಡಿಕ್ಕೀಲಿ ಏನಿದೆ ಅಂತ ನಾನು ಹೇಳ್ತೀನಿ ಕಣಮ್ಮ. ಎರಡು ಮಡಿಸೋ ಕುರ್ಚಿ, ಒಂದು ಐಸ್ ಪೆಟ್ಟಿಗೆ, ಮೂರು ಡಜನ್ ಕೊಲಾಚಿ ಬನ್ನು. ಸ್ಟೆಪ್ನಿ ಮನೇಲಿ ಗೋಡೆಗೆ ಒರಗಿಕೊಂಡು ಹಾಯಾಗಿದೆ. 'ಐವತ್ತು ವರ್ಷದಲ್ಲಿ ಒಂದು ದಿನಾನೂ ಬೇಕಾಗಿಲ್ಲ, ಇವತ್ತು ಬೇಕಾಗುತ್ತಾ' ಅಂದ್ರು ನಿಮ್ಮ ಅಂಕಲ್ಲು."

"ಕುರ್ಚಿ ಬೇಕು ಅಂದಿದ್ದು ಯಾರು?"

"ಕುರ್ಚಿ ಬೇಕು ಅಂದೆ. ಬುದ್ಧಿ ಮನೇಲಿಟ್ಟು ಬನ್ನಿ ಅಂದ್ನಾ?"

ಉಳಿದವರೂ ಸುತ್ತ ಸೇರಿದರು. ಒಂದು ಬ್ಯೂಕ್ ಕಾರು, ಒಂದು ಹಳೇ ಪಿಕಪ್; ಎರಡರ ಚಕ್ರಗಳೂ ಈ ಕಾರಿಗೆ ಕೂಡುವಂಥವಲ್ಲ. ಕೂಡುವಂಥದ್ದು ಅಧ್ಯಕ್ಷ ಡ್ವೇನ್ ಪೊಕೊರ್ನಿಯದು. ಅವನದೂ ಪ್ಲಿಮತ್. ಕೆಂಪನೆಯ ಬಣ್ಣದಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದು, ಅಂಥ ಹೊಳಪು. ಎಲ್ಲರೂ ಅವನತ್ತ ನೋಡಿದರು. ಡ್ವೇನ್ ಮಾತ್ರ ಜೋಳದ ಹೊಲ ನೋಡುತ್ತ ನಿಂತ.

"ಡ್ವೇನ್, ನಿನ್ನ ಸ್ಟೆಪ್ನಿ ಕೊಡೋ."

"ಅದು... ಪ್ರದರ್ಶನದ್ದು ಕಣೇ ಮರ್ವ್."

"ಪ್ರದರ್ಶನದ್ದು ಅಂದ್ರೆ?"

"ಅಂದ್ರೆ ಒಳಗೆ ಟ್ಯೂಬಿಲ್ಲ. ಆಕಾರಕ್ಕೆ ಅಂತ ಪ್ಲೈವುಡ್ ಕೂಡಿಸಿದೀನಿ. ಡಿಸ್ಕಿಗೆ ಬಣ್ಣ ಹೊಡ್ಸಿ ಬೋಲ್ಟಿನ ತೂತು ಮುಚ್ಚಿಹೋಗಿವೆ." ತಡೆದು ಸೇರಿಸಿದ, "ನೋಡೋಕೆ ಮಾತ್ರ ಬಹಳ ಚೆನ್ನಾಗಿದೆ."

ಆಲ್ಬಿನಾ ಕಾರಿನೊಳಗೇ ನಗತೊಡಗಿದಳು. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬ್ಯೂಕಿನವನು ಕೆಟ್ಟ ಕಾರು ಎಳೆಯುವ ಲಾರಿಯವನಿಗೆ ಫೋನು ಮಾಡಿದ. ಭಾನುವಾರ, ಚರ್ಚು ಮುಗಿಯಬೇಕು, ಊಟವಾಗಬೇಕು, ಎರಡು ಗಂಟೆಯಾದರೂ ಆಗುತ್ತದೆ ಎಂದು ಉತ್ತರ ಬಂತು.

"ಎರಡಕ್ಕೆ ಬರಲಿ," ಎಂದ ಎಮಿಲ್. "ನಾವಿಬ್ರೂ ಕುರ್ಚಿ ಹಾಕ್ಕೊಂಡು ಕೂತಿರ್ತೀವಿ. ಬಂದ್ಮೇಲೆ ಕಾರು ಹೇರಿಸ್ಕೊಂಡು ಮನೆಗೆ ಹೋಗ್ತೀವಿ. ನೀವು ಹೊರಡಿ. ನಿಯಮ ಮಾಡ್ದೋನು ನಾನೇ, ಮುರೀರಿ ಅಂತಿರೋನೂ ನಾನೇ. ಮರ್ವೆಲ್ಲಾ, ನೀನು ಮೊದಲು ಹೊರಡು ಮಗಳೇ. ಈ ವರ್ಷ ನಿಂದು."

ಈ ವರ್ಷ ಅವಳದು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳ ಹಸಿರು ಪ್ಲಿಮತ್ತನ್ನು ಅವಳಪ್ಪ ಲಾಡಿ ಕುಚೇರಾ ಐವತ್ತೊಂದನೇ ಇಸವಿಯಲ್ಲಿ ಗೋಧಿ ಕೊಯ್ಲಾದ ಮೇಲೆ ಹೊಸದಾಗಿ ತಂದದ್ದು. ಅಂದಿನ ಬಣ್ಣ, ಅಂದಿನ ಸೀಟು, ಅಂದಿನ ಗಾಜು. ಹೀಗೆ ಏನೂ ಬದಲಿಸದೆ ಉಳಿದ ಕಾರುಗಳಿಗೆ ಪ್ರದರ್ಶನದಲ್ಲಿ 'ಅಸಲು ವರ್ಗ' ಎಂದೇ ಬೇರೆ ಸ್ಪರ್ಧೆ. ಲಾಡಿ ಅದರಲ್ಲಿ ಒಂಬತ್ತು ಸಲ ಎರಡನೆಯವನಾಗಿ ಬಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಒಂದು ಸಲವೂ ಮೊದಲ ಬಹುಮಾನದ ಆ ಹಿತ್ತಾಳೆ ಫಲಕ ಮುಟ್ಟದೆ ಸತ್ತ. ಹೋದ ವರ್ಷ ಮರ್ವೆಲ್ಲಾಳಿಗೂ ಎರಡನೆಯ ಸ್ಥಾನವೇ. ಎಡಗಡೆಯ ವೈಪರಿನ ತೋಳು ಆ ಕಾಲದ್ದಲ್ಲ ಎಂದು ಜಡ್ಜ್ ವಿಟ್‌ಕೂಂಬ್ ಒಂದು ಅಂಕ ಕಳೆದಿದ್ದ. "ಇದೊಂದು ಸರಿಮಾಡಿಕೊಂಡು ಬಾರಮ್ಮ, ಫಲಕ ನಿನ್ನದೇ," ಎಂದೂ ಹೇಳಿದ್ದ. ಹನ್ನೊಂದು ತಿಂಗಳು ಹುಡುಕಿ, ಡಕೋಟಾದ ಒಂದು ಕೊಟ್ಟಿಗೆಯಿಂದ ಅವಳು ಆ ತೋಳು ತಂದಿದ್ದಳು.

ಆ ಕಾರಿನ ಕಿರೀಟವೆಂದರೆ ಡಿಕ್ಕಿಯಲ್ಲಿದ್ದ ಸ್ಟೆಪ್ನಿ. ಓಡುವ ನಾಲ್ಕು ಟೈರು ಸವೆಯುತ್ತವೆ, ಅವನ್ನು ಬದಲಿಸಿದರೆ ಜಡ್ಜುಗಳು ಕ್ಷಮಿಸುತ್ತಾರೆ. ಸ್ಟೆಪ್ನಿಯ ಮಾತು ಬೇರೆ. ಕಾರ್ಖಾನೆಯಿಂದ ಬಂದ ಅದೇ ಟೈರು, ಅಚ್ಚಿನಿಂದ ತೆಗೆದಾಗ ಮೈಮೇಲೆ ಉಳಿಯುವ ರಬ್ಬರಿನ ಎಳೆಕೂದಲು ಸಮೇತ, ಎಪ್ಪತ್ತು ವರ್ಷವಾದರೂ ನೆಲ ಮುಟ್ಟದೆ ಉಳಿದಿತ್ತು. ಲಾಡಿ ಪ್ರತಿ ಈಸ್ಟರಿಗೂ ಅದನ್ನು ಸೋಪು ನೀರಲ್ಲಿ ಒರೆಸಿ, ಗಾಳಿ ನೋಡಿ, ಕಂಬಳಿ ಹೊದಿಸಿ ನೆಲಮಾಳಿಗೆಯ ತಂಪಿನಲ್ಲಿ ಮಲಗಿಸುತ್ತಿದ್ದ. ಪ್ರದರ್ಶನದ ದಿನ ಮಾತ್ರ ಮದುಮಗಳಂತೆ ಹೊತ್ತು ತಂದು ಡಿಕ್ಕಿಯಲ್ಲಿ ಕೂರಿಸುತ್ತಿದ್ದ.

ಅದು ಎಮಿಲ್‌ನ ಕಾರಿಗೆ ಸರಿಯಾಗಿ ಕೂಡುತ್ತದೆ ಎಂಬುದೂ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮರ್ವೆಲ್ಲಾಳಿಗೆ ಬೇಕಾಗಿತ್ತು ಆ ಫಲಕ. ತುಂಬಾ ಬೇಕಾಗಿತ್ತು. ಅಪ್ಪನ ಫೋಟೋದ ಕೆಳಗೆ ಮೊಳೆ ಹೊಡೆದು ಜಾಗವನ್ನೂ ಸಿದ್ಧ ಮಾಡಿಟ್ಟಿದ್ದಳು. ಆದರೆ ಆ ಜಲ್ಲಿಯ ಮೇಲೆ, ಮುದುಕ ಮುದುಕಿ ಇಬ್ಬರೂ ಕುರ್ಚಿ ಇಳಿಸುವುದನ್ನು ನೋಡುತ್ತ ನಿಂತಾಗ ಅವಳಿಗೆ ನೆನಪಾದದ್ದು ಅಮ್ಮ.

ಅರವತ್ತಾರರ ಜನವರಿ. ಅವಳಿಗೆ ಒಂಬತ್ತು ವರ್ಷ. ಅಜ್ಜಿಯ ಮನೆಯಿಂದ ಬರುವಾಗ ಇದೇ ಕಾರು ಪಂಚರ್ ಆಗಿತ್ತು, ಹೊರಗೆ ಮೂಗು ಉದುರುವಂಥ ಚಳಿ. ಸ್ಟೆಪ್ನಿ ಆಗಿನ್ನೂ ನೆಲಮಾಳಿಗೆ ಸೇರಿರಲಿಲ್ಲ, ಡಿಕ್ಕಿಯಲ್ಲೇ ಇತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ಪಂಚರಾದ ಚಕ್ರ ಬಿಚ್ಚಿ ಹೆಗಲಿಗೇರಿಸಿ, ಪ್ಯಾಚ್ ಹಾಕಿಸಲು ನಾಲ್ಕು ಮೈಲಿ ನಡೆದುಹೋದ. ಅಮ್ಮ ಮಗಳು ಒಂದೇ ಕಂಬಳಿಯಲ್ಲಿ ಮೂರು ಗಂಟೆ ಕೂತಿದ್ದರು. ಊರಿನವರು ಈ ಕಥೆಯನ್ನು ಲಾಡಿಯ ಹಟದ ಕಥೆಯಾಗಿ ಹೇಳಿ ನಗುತ್ತಾರೆ. ಮರ್ವೆಲ್ಲಾ ಕೂಡ ಎಷ್ಟೋ ಸಲ ಹೇಳಿ ನಗಿಸಿದ್ದಾಳೆ. ಆ ಕಂಬಳಿಯೊಳಗೆ ಅಮ್ಮ ಹೇಳಿದ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. "ನಿಮ್ಮಪ್ಪನ ಹತ್ರ ಆ ಟೈರಿಗಿರೋ ಯೋಗ ನನಗಿಲ್ಲ ಕಣೇ. ಅದು ಚಳೀಲಿ ಹೊರಗೆ ಬರಬೇಕಾಗಿಲ್ಲ."

ಮರ್ವೆಲ್ಲಾ ತನ್ನ ಡಿಕ್ಕಿ ತೆಗೆದಳು.

"ಏ, ಏ, ಏ!" ಎಮಿಲ್ ಕುರ್ಚಿಯಿಂದ ಎದ್ದೇಬಿಟ್ಟ. "ಬೇಡ. ಅದು ಬೇಡ. ಲಾಡಿ ಗೋರಿಯಿಂದ ಎದ್ದು ಬರ್ತಾನೆ!"

"ಬರಲಿ. ಜಾಕಿ ಹಿಡಿಯೋಕೆ ಒಬ್ರು ಬೇಕಾಗಿತ್ತು."

"ಮರ್ವ್, ಯೋಚನೆ ಮಾಡೇ," ಎಂದ ಡ್ವೇನ್. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ಅಂಥ ಸ್ಟೆಪ್ನಿ ಈ ರಾಜ್ಯದಲ್ಲೇ ಇನ್ನೊಂದಿಲ್ಲ. ಒಂದು ಸಲ ಓಡಿದ್ರೆ ಮುಗೀತು. ಮತ್ತೆ ಓಡದೇ ಇದ್ದದ್ದು ಮಾಡೋಕಾಗಲ್ಲ."

"ಹೌದು. ಅದಕ್ಕೇ ಒಂದೇ ಸಲ ಯೋಚನೆ ಮಾಡಿದೆ."

"ಅಷ್ಟು ಹಳೇ ರಬ್ಬರು, ಒಡೆದು ಹೋದ್ರೆ?"

ಈ ಪ್ರಶ್ನೆಯನ್ನು ಅವಳು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಟೈರನ್ನು ಕಂಬಳಿಯ ಮೇಲೆ ತಿರುಗಿಸುತ್ತ ಎರಡೂ ಪಕ್ಕೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಎಲ್ಲಿಯೂ ಬಿರುಕಿರಲಿಲ್ಲ. ಕಾಲಿನ ಪಂಪಿನಿಂದ ಗಾಳಿ ತುಂಬಿ, ಉಗುಳು ಹಚ್ಚಿ ವಾಲ್ವ್ ಪರೀಕ್ಷಿಸಿದಳು. ಗುಳ್ಳೆ ಏಳಲಿಲ್ಲ. "ಹಿಂದಿನ ಚಕ್ರ, ಮುಂದಿನದಲ್ಲ. ಇಪ್ಪತ್ತು ಮೈಲಿ ವೇಗ, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಇಲ್ಲ. ಆಲ್ಬಿನಾ ಆಂಟಿ, ಕುರ್ಚಿ, ಬನ್ನು ಎಲ್ಲ ನನ್ನ ಕಾರಿಗೆ. ಅಂಕಲ್ ಒಬ್ರೇ ಓಡಿಸ್ತಾರೆ. ನಾನು ಹಿಂದೆಯೇ ಇದ್ದು ಟೈರು ನೋಡ್ತಿರ್ತೀನಿ. ನಿಲ್ಲಿ ಅಂದ್ರೆ ನಿಲ್ಲಬೇಕು."

"ನನ್ನ ಮಾತು ಯಾರಿಗಾದ್ರೂ ಬೇಕಾ ಇಲ್ಲಿ?" ಎಂದ ಎಮಿಲ್.

"ಬೇಡ," ಎಂದಳು ಆಲ್ಬಿನಾ, ಆಗಲೇ ಹಸಿರು ಕಾರಿನಲ್ಲಿ ಕೂತು.

ಟೈರಿನ ಡಿಸ್ಕಿಗೆ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಅಪ್ಪನ ಕೈಬರಹ: 'ನೆಲಕ್ಕೆ ಇಳಿಸಬೇಡಿ.' ಮರ್ವೆಲ್ಲಾ ದಾರ ಬಿಚ್ಚಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಐದು ಬೋಲ್ಟು ಬಿಗಿದು ಜಾಕಿ ಇಳಿಸಿದಾಗ ಕಾರಿನ ಭಾರಕ್ಕೆ ಟೈರು ಸ್ವಲ್ಪ ಚಪ್ಪಟೆಯಾಗಿ ಜಲ್ಲಿಯ ಮೇಲೆ ಕೂತಿತು. ಕಿರ್ರೆಂದು ಒಂದು ಸಣ್ಣ ಸದ್ದು. ಡ್ವೇನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಯಾವಾಗ ತೆಗೆದನೆಂದು ಅವನಿಗೇ ಗೊತ್ತಿರಲಿಲ್ಲ.

ಹದಿನಾಲ್ಕು ಮೈಲಿಗೆ ನಲವತ್ತು ನಿಮಿಷದ ಮೇಲೆ ಹಿಡಿಯಿತು. ಹಿಂದಿನಿಂದ ಬಂದ ಟ್ರ್ಯಾಕ್ಟರೊಂದು ಅವರನ್ನು ದಾಟಿ ಮುಂದೆ ಹೋಯಿತು, ಚಾಲಕ ಕೈಯನ್ನೂ ಬೀಸಿದ. ಮರ್ವೆಲ್ಲಾಳ ಕಣ್ಣು ಆ ಒಂದು ಚಕ್ರದ ಮೇಲೆ. ಸ್ಟೇರಿಂಗ್ ಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದನ್ನು ನೋಡಿದ ಆಲ್ಬಿನಾ ಒಂದು ಕೊಲಾಚಿ ಮುರಿದು ಅವಳ ಬಾಯಿಗಿಟ್ಟಳು. ಏಪ್ರಿಕಾಟಿನ ಹೂರಣ, ತೋಳು ಬಿಗಿದಿದ್ದವಳಿಗೆ ಅದರ ರುಚಿಯೂ ತಿಳಿಯಲಿಲ್ಲ.

ಅರ್ಧ ದಾರಿಯಲ್ಲಿ ರೇಡಿಯೋ ಗರಗರ ಎಂದಿತು. ಮುದುಕ ಮತ್ತೆ ಗುಂಡಿ ಒತ್ತಿಕೊಂಡೇ ಕೂತಿದ್ದ.

"...ನೋಡ್ತಿದೀಯಾ ಲಾಡಿ? ಕೊನೆಗೂ ಓಡಿಸಿದ್ವಿ ಕಣೋ ನಿನ್ನ ಮಹಾರಾಣೀನ. ಬೈಕೋಬೇಡ. ಎಷ್ಟು ಮೆತ್ತಗೆ ಹೋಗ್ತಿದೆ ಗೊತ್ತಾ? ಎಪ್ಪತ್ತು ವರ್ಷ ಮಲಗಿತ್ತು ಅಂತ ಯಾರೂ ಹೇಳಲ್ಲ. ನೀನೇ ಒಂದಿನ ಓಡಿಸಿ ನೋಡಬೇಕಿತ್ತು ಕಣೋ, ಹುಚ್ಚಪ್ಪ. ಚೆನ್ನಾಗಿರ್ತಿತ್ತು." ಟೈರು ಉರುಳುವ ಸದ್ದೂ ರೇಡಿಯೋದಲ್ಲಿ ಕೇಳಿಸಿತು. "ನಿನ್ನ ಮಗಳು ಇದಾಳಲ್ಲ, ಅವಳು ಅವರಮ್ಮನ ಥರ."

ಗುಂಡಿ ಬಿಡಿ ಅಂಕಲ್ ಎಂದು ಯಾವ ಕಾರಿನಿಂದಲೂ ಯಾರೂ ಹೇಳಲಿಲ್ಲ. ಮರ್ವೆಲ್ಲಾಳಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಚಕ್ರದಿಂದ ಕಣ್ಣು ತೆಗೆಯುವಂತಿರಲಿಲ್ಲ. ಆಲ್ಬಿನಾ ತನ್ನ ಕರವಸ್ತ್ರದಿಂದ ಒರೆಸಿದಳು.

ಮೇಜಿನವನು ಕಾಗದ ಜೋಡಿಸಿಕೊಳ್ಳುತ್ತಿದ್ದಾಗ, ಹನ್ನೆರಡಕ್ಕೆ ಎಂಟು ನಿಮಿಷವಿದ್ದಂತೆ, ಐದು ಕಾರುಗಳೂ ಸಾಲಾಗಿ ಹಾರ್ನ್ ಹಾಕುತ್ತ ಒಳಗೆ ಬಂದವು. ಡ್ವೇನ್ ಮೈದಾನದ ಬಾಗಿಲಲ್ಲಿ ಪಕ್ಕಕ್ಕೆ ಸರಿದು ಎಮಿಲ್‌ನನ್ನೇ ಮುಂದೆ ಬಿಟ್ಟಿದ್ದ. ಅಧ್ಯಕ್ಷಗಿರಿಯಲ್ಲಿ ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಹಳೇ ಸಾಮಾನು ಮಾರುವವರ ಸಾಲಿನಲ್ಲಿ ಎಮಿಲ್‌ನ ಅಳತೆಯ ಟೈರು ಕೂಡಲೇ ಸಿಕ್ಕಿತು. ಒಂದು ಗಂಟೆಯೊಳಗೆ ಲಾಡಿಯ ಸ್ಟೆಪ್ನಿ ಮತ್ತೆ ಹಸಿರು ಕಾರಿನ ಡಿಕ್ಕಿಗೆ ಬಂತು.

ಆದರೆ ಅದು ಬೇರೆಯೇ ಆಗಿತ್ತು. ನೆಲ ಮುಟ್ಟಿದ ಮೈಯಲ್ಲಿ ಕೂದಲು ಉದುರಿಹೋಗಿತ್ತು, ಗೀರುಗಳಲ್ಲಿ ಬಿಳಿ ಧೂಳು ಕೂತಿತ್ತು, ನಡುವೆ ಎಲ್ಲೋ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಡ್ವೇನ್ ಅಕ್ಕಪಕ್ಕ ನೋಡಿ, ಒಂದು ಸೀಸೆ, ಒಂದು ಕುಂಚ ತಂದು ಡಿಕ್ಕಿಯ ಮುಂದೆ ಮಂಡಿಯೂರಿದ.

"ಟೈರಿಗೆ ಹಚ್ಚೋ ಕಪ್ಪು ಕಣೇ. ನಂದೇ ಮಿಶ್ರಣ. ಐದು ನಿಮಿಷ ಕೊಡು. ಧೂಳು ತೆಗೆದು, ಓಡಿರೋ ಕಡೆ ಕೆಳಗೆ ಮಾಡಿ ಇಟ್ರೆ ವಿಟ್‌ಕೂಂಬ್ ಅಜ್ಜನ ಅಜ್ಜ ಬಂದ್ರೂ ಗೊತ್ತಾಗಲ್ಲ."

"ಚಕ್ರ ದುಂಡಗಿರುತ್ತೆ ಡ್ವೇನ್. ಓಡಿರೋ ಕಡೆ ಅಂತ ಒಂದು ಕಡೆ ಇರಲ್ಲ."

"ನನ್ನಿಂದ ಏನಾದ್ರೂ ಆಗಲಿ ಅಂತ..." ಅವನ ಮುಖ ಕೆಂಪಗಾಗಿತ್ತು. "ನನ್ನ ಡಿಕ್ಕೀಲಿ ಸರಿಯಾದ ಸ್ಟೆಪ್ನಿ ಇದ್ದಿದ್ರೆ ನಿಂದು ಉಳೀತಿತ್ತು."

"ಸೀಸೆ ಮುಚ್ಚು. ಒಣಗಿಹೋಗುತ್ತೆ," ಎಂದಳು ಮರ್ವೆಲ್ಲಾ, ಮೃದುವಾಗಿಯೇ. "ಅಪ್ಪ ಹಟಮಾರಿ. ಆದ್ರೆ ಒಂಬತ್ತು ಸಲ ಸೋತ, ಒಂದು ಸಲವೂ ಸುಳ್ಳು ಹೇಳ್ಲಿಲ್ಲ."

ವಿಟ್‌ಕೂಂಬ್ ಎರಡಕ್ಕೆ ಬಂದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಕೊರಳಲ್ಲಿ ಭೂತಗನ್ನಡಿ. ಮೊದಲು ವೈಪರಿನ ತೋಳು ನೋಡಿ ತಲೆದೂಗಿದ. ಬಾನೆಟ್ ನೋಡಿದ, ಸೀಟು ನೋಡಿದ, ನಗುತ್ತಲೇ ಡಿಕ್ಕಿಗೆ ಬಂದ. ಬಂದವನು ಬಗ್ಗಿ, ಸ್ಟೆಪ್ನಿಯ ಸುತ್ತ ಭೂತಗನ್ನಡಿ ಹಿಡಿದು ನೋಡಿದ.

"ಹೋದ ವರ್ಷ ಇದಕ್ಕೆ ಮೈತುಂಬ ಕೂದಲಿತ್ತಲ್ಲಮ್ಮ?"

"ಇವತ್ತು ಬೆಳಿಗ್ಗೆ ಕ್ಷೌರ ಆಯ್ತು ಸಾರ್."

"ಎಷ್ಟು ದೂರ?"

"ಹದಿನಾಲ್ಕು ಮೈಲಿ."

ಅವನು ಭೂತಗನ್ನಡಿ ಕೆಳಗಿಳಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕ ಮುದುಕಿಯನ್ನು ನೋಡಿದ. ಬೂದು ಪ್ಲಿಮತ್ತಿನ ಹೊಸ ಟೈರು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಆರು ಅಂಕ ಕಳೀಬೇಕಾಗುತ್ತೆ," ಎಂದ.

"ಕಳೀರಿ."

"ನನಗೆ ಇಷ್ಟವಿಲ್ಲ."

"ನನಗೆ ಗೊತ್ತು ಸಾರ್. ಕಳೀರಿ. ಒಂದು ಬನ್ನು ತಗೊಳ್ಳಿ."

ನಾಲ್ಕು ಗಂಟೆಗೆ ಧ್ವನಿವರ್ಧಕದಲ್ಲಿ ಅಸಲು ವರ್ಗದಲ್ಲಿ ಗೆದ್ದವರ ಹೆಸರು ಕೂಗಿದರು. ಕಾನ್ಸಾಸಿನ ಯಾರದೋ ಒಂದು ಪ್ಯಾಕರ್ಡ್ ಕಾರು. ಎರಡನೆಯ ಹೆಸರೂ ಮೂರನೆಯ ಹೆಸರೂ ಬೇರೆಯವರವೇ. ಮರ್ವೆಲ್ಲಾಳಿಗೆ ಗೋಡೆಯ ಮೇಲಿನ ಆ ಮೊಳೆ ನೆನಪಾಯಿತು. ಕೈಗೆ ಹತ್ತಿದ ಹೂರಣ ನೆಕ್ಕಿಕೊಂಡು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು.

ಇದ್ದದ್ದು ಎರಡೇ ಕುರ್ಚಿ. ಬೆಳಿಗ್ಗೆಯಿಂದ ನಿಂತು ಅವಳ ಸೊಂಟ ಹಿಡಿದುಕೊಂಡಿತ್ತು. ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿ, ಹುಲ್ಲಿನ ಮೇಲೆ ಮಲಗಿಸಿ, ಅದರ ಮೇಲೆ ಕೂತಳು.

"ಹೇಗಿದೆಯೇ?" ಎಂದಳು ಆಲ್ಬಿನಾ.

"ಪಕ್ಕದಲ್ಲಿ ಇನ್ನೂ ಕೂದಲಿವೆ ಆಂಟಿ. ಚುಚ್ತವೆ."

ಆಲ್ಬಿನಾ ನಗತೊಡಗಿದಳು, ಬೆಳಿಗ್ಗೆಯಂತೆಯೇ ನಿಲ್ಲದ ನಗು. ಈ ಸಲ ಮರ್ವೆಲ್ಲಾಳೂ ನಕ್ಕಳು. ಡ್ವೇನ್ ದೂರದಲ್ಲಿ ತನ್ನ ಕೆಂಪು ಕಾರಿನ ಡಿಕ್ಕಿಗೆ ತಲೆ ತೂರಿಸಿ, ಸ್ಕ್ರೂಡ್ರೈವರಿನಿಂದ ಬೋಲ್ಟಿನ ತೂತುಗಳ ಬಣ್ಣ ಕೆರೆಯುತ್ತಿದ್ದ.

ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. "ಎತ್ತೋಕೆ ಕೈ ಕೊಡ್ಲಾ?" ಎಂದು ಎಮಿಲ್ ಎದ್ದ. ಬೇಡವೆಂದು ಮರ್ವೆಲ್ಲಾ ಟೈರನ್ನು ನಿಲ್ಲಿಸಿ, ಅಂಗೈಯಿಂದ ಒಮ್ಮೆ ತಟ್ಟಿದಳು. ಡಿಕ್ಕಿ ಎರಡೇ ಹೆಜ್ಜೆ ದೂರದಲ್ಲಿತ್ತು. ಅವಳು ಅತ್ತ ಹೋಗದೆ, ಟೈರನ್ನು ಹುಲ್ಲಿನ ಮೇಲೆ ಉರುಳಿಸಿಕೊಂಡು ಕಾರಿನ ಮುಂಭಾಗದ ಕಡೆ ನಡೆದಳು. ಬಾನೆಟ್ ಬಳಸಿ, ಆ ಕಡೆಯ ಬಾಗಿಲುಗಳನ್ನು ದಾಟಿ, ಇಡೀ ಕಾರಿಗೆ ಒಂದು ಸುತ್ತು ಹಾಕಿಸಿದಳು.